ಉತ್ತರ ಹೇಳಿಬಿಡದ ಗ್ರಂಥಪಾಲಕ

ನಮ್ಮ ಅದೆಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು. ಪುಸ್ತಕ ಕಳೆದುಹೋದರೆ ಮೇಷ್ಟ್ರು ಲೆಕ್ಕ ಕೊಡಬೇಕು. ಒಂದು ಪುಸ್ತಕವನ್ನೂ ಯಾರೂ ಓದದಿದ್ದರೆ ಕೇಳುವವರಿಲ್ಲ. ಈ ಬೀಗದ ಮನೋಭಾವದ ವಿರುದ್ಧ ಜೀವನವಿಡೀ ದುಡಿದವರು ಎಸ್.ಆರ್. ರಂಗನಾಥನ್.

ಅವರು ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಪಾಠ ಹೇಳಲು ತೊಡಗಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ ಬೇಸತ್ತು ತರಗತಿಗೇ ಮರಳಲು ಬಯಸಿದ್ದರು. ಅವರ ಮನಸ್ಸು ಬದಲಿಸಿದ್ದು ಇಂಗ್ಲೆಂಡಿನ ಗ್ರಂಥಾಲಯಗಳು. 1928ರ ಡಿಸೆಂಬರ್‌ನಲ್ಲಿ ಚಿದಂಬರಂನ ಶಿಕ್ಷಣ ಸಮ್ಮೇಳನದಲ್ಲಿ ಅವರು ತಮ್ಮ ಪಂಚಸೂತ್ರಗಳನ್ನು ಮಂಡಿಸಿದರು. ಅವು ಗ್ರಂಥವಾಗಿ ಹೊರಬಂದದ್ದು 1931ರಲ್ಲಿ. ಗ್ರಂಥಪಾಲಕರಿಗಿಂತ ಮೊದಲು ಅವನ್ನು ಕೇಳಿಸಿಕೊಂಡವರು ಶಿಕ್ಷಕರು ಎಂಬುದು ಆಕಸ್ಮಿಕವೆಂದು ನನಗನಿಸುವುದಿಲ್ಲ.

ವರ್ಗೀಕರಣ, ಸೂಚಿ ಇತ್ಯಾದಿಗಳೆಲ್ಲ ಅವರ ದೃಷ್ಟಿಯಲ್ಲಿ ಬರೀ ಸಿದ್ಧತೆ. ಗ್ರಂಥಪಾಲಕ ಓದುಗನ ಪಕ್ಕದಲ್ಲಿ ಬಂದು ನಿಲ್ಲುವ ಗಳಿಗೆಯೇ ಮುಖ್ಯ. ಅದಕ್ಕೆ ಪರಾಮರ್ಶನ ಸೇವೆ ಎಂದು ಹೆಸರು.

ಹೈಸ್ಕೂಲಿನ ಹುಡುಗಿಯೊಬ್ಬಳು ಟಿಪ್ಪು ಸುಲ್ತಾನರ ಕುರಿತು ಕೇಳಿಕೊಂಡು ಬಂದಳೆನ್ನೋಣ. ಅವರು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದರೆಂದು ಹೇಳಿ ಕಳುಹಿಸುವುದು ಸುಲಭ. ನಿಜವಾದ ಗ್ರಂಥಪಾಲಕ ಮೊದಲು ವಿಶ್ವಕೋಶ ತೆಗೆದುಕೊಟ್ಟು, ಕೊನೆಯ ಪುಟಗಳ ಪದಸೂಚಿ ನೋಡುವುದನ್ನು ಕಲಿಸುತ್ತಾನೆ. ಆಮೇಲೆ ಎರಡು ಹಳೆಯ ಇತಿಹಾಸಗಳ ವಿಷಯ ಹೇಳುತ್ತಾನೆ. ಒಂದು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದದ್ದು. ಇನ್ನೊಂದು, ಮೀರ್ ಹುಸೈನ್ ಅಲಿ ಖಾನ್ ಕಿರ್ಮಾನಿ ಪಾರ್ಸಿಯಲ್ಲಿ ಬರೆದದ್ದು. ಮರಣದ ದಿನದಲ್ಲಿ ತಕರಾರಿಲ್ಲ. ಆದರೆ ಎರಡರಲ್ಲಿ ಕಾಣುವ ಟಿಪ್ಪು ಒಬ್ಬರೇ ಅಲ್ಲ. ಬರೆದವರು ಯಾರು, ಯಾರ ಅನ್ನದ ಋಣದಲ್ಲಿದ್ದು ಬರೆದರು, ಕಣ್ಣಾರೆ ಕಂಡದ್ದೆಷ್ಟು, ಕೇಳಿದ್ದೆಷ್ಟು? ಇಷ್ಟು ಕೇಳಲು ಕಲಿತ ಹುಡುಗಿಯನ್ನು ವಾಟ್ಸಾಪ್‌ನಲ್ಲಿ ಬರುವ ಇತಿಹಾಸ ಅಷ್ಟು ಬೇಗ ಮರುಳು ಮಾಡಲಾರದು.

ಮುಸ್ಲಿಮರಿಗೆ ಇದು ಹೊಸ ಪಾಠವೇನಲ್ಲ. ಸುದ್ದಿ ಬಂದಾಗ ಪರಿಶೀಲಿಸಿರೆಂದು ಕುರ್‌ಆನಿನ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಹದೀಸ್ ವಿದ್ವಾಂಸರು ವರದಿಗಾರರ ಸರಪಳಿಯ ಕೊಂಡಿ ಕೊಂಡಿಯನ್ನೂ ಒರೆಗೆ ಹಚ್ಚಿದರು. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ನದೀಮ್ 987ರಲ್ಲಿ ಸಿದ್ಧಪಡಿಸಿದ ‘ಅಲ್ ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯಲ್ಲಿ, ಕವಿಗಳ ಕೃತಿಗಳು ಎಷ್ಟೆಷ್ಟು ಹಾಳೆಗಳೆಂದು ಬರೆಯುವ ಮೊದಲು, ಹಾಳೆಯ ಒಂದು ಪುಟವೆಂದರೆ 20 ಸಾಲು ಎಂದು ಸ್ಪಷ್ಟಪಡಿಸಿದ್ದಾನೆ. ಕೊಳ್ಳುವವನ ಕೈಗೆ ಅರೆಬರೆ ಪ್ರತಿ ಬಂದರೆ ಗೊತ್ತಾಗಬೇಕಲ್ಲ!

ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ತರಬೇತಿ ಮತ್ತು ಸಂಶೋಧನೆಗಾಗಿ ಕೇಂದ್ರವೊಂದನ್ನು ಸ್ಥಾಪಿಸಿದರು. 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಆದರೂ ಕಪಾಟಿನ ಬೀಗ ಅಲ್ಲೇ ಇದೆ. ನಮ್ಮ ಮದ್ರಸಗಳ ಕಪಾಟಿಗೂ ಇದೆ.