ಶಿವಯೋಗ ಮಂದಿರದ ವಿದ್ಯಾಕ್ರಮವೂ ಸಹಜೀವನವೂ

‘ಮಠ’ವೆಂಬ ಶಬ್ದಕ್ಕೆ ಅಮರಸಿಂಹನು ತನ್ನ ಕೋಶದಲ್ಲಿ ಹೇಳಿರುವ ಅರ್ಥವು, ವಿದ್ಯಾರ್ಥಿಗಳೇ ಮೊದಲಾದವರು ವಾಸಿಸುವ ಮನೆ ಎಂಬುದು. ಯತಿಗಳು ಅಲ್ಲಿ ‘ಮೊದಲಾದವರು’ ಎಂಬುದರಲ್ಲಿ ಅಡಗಿದ್ದಾರೆ. ಮುಂದೆ ನಿಂತಿರುವವನು ವಿದ್ಯಾರ್ಥಿ. ಕನ್ನಡ ನಾಡಿನ ರೂಢಿಯೂ ಈ ಅರ್ಥವನ್ನು ಬಹುಕಾಲ ಬಿಟ್ಟಿರಲಿಲ್ಲ. ಊರ ಐಗಳು ಮಕ್ಕಳನ್ನು ಕೂಡಿಸಿಕೊಂಡು ಮರಳಿನ ಮೇಲೆ ಓನಾಮ ತಿದ್ದಿಸುತ್ತಿದ್ದ ಸ್ಥಳವನ್ನು ಜನರು ಮಠವೆಂದೇ ಕರೆಯುತ್ತಿದ್ದರು. ಕೂಲಿಮಠವೆಂಬ ಮಾತಿನಲ್ಲಿ ಉಳಿದಿರುವುದೂ ಅದೇ ಅರ್ಥವು. ಕಾಲಕ್ರಮದಲ್ಲಿ ಗದ್ದುಗೆ, ಉಂಬಳಿ, ಪಲ್ಲಕ್ಕಿಗಳೇ ಮಠದ ಲಕ್ಷಣಗಳೆನಿಸಿ, ವಿದ್ಯಾರ್ಥಿಯು ಹಿಂದೆ ಸರಿದನು. ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ೧೯೦೯ರಲ್ಲಿ ಸ್ಥಾಪಿತವಾದ ಶಿವಯೋಗ ಮಂದಿರದ ಚರಿತ್ರೆಯು, ಹಿಂದೆ ಸರಿದ ಆ ವಿದ್ಯಾರ್ಥಿಯನ್ನು ಮರಳಿ ಮುಂದೆ ತಂದು ನಿಲ್ಲಿಸಿದ ಚರಿತ್ರೆಯಾಗಿದೆ.

ಈ ಕಾರ್ಯಕ್ಕೆ ಪೂರ್ವಪರಂಪರೆಯು ಇಲ್ಲದಿರಲಿಲ್ಲ. ಕಲಬುರ್ಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದ ಕ್ರಿ. ಶ. ೧೦೫೮ರ ಶಾಸನವು ವೇದಾಧ್ಯಯನ ಮಾಡುವ ೨೦೦ ಮಂದಿ ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆ ಏರ್ಪಾಡನ್ನು ಹೇಳಿ, ಗ್ರಂಥಗಳನ್ನು ಕಾಯುವ ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸಿದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಇನ್ನೂ ಮಹತ್ತ್ವದ್ದು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೂ ದರ್ಶನಗಳಿಗೂ ಅದು ವ್ಯಾಖ್ಯಾನಸ್ಥಾನವಾಗಿದ್ದುದಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅನ್ನದಾನವು ನಡೆಯುವ ಸ್ಥಾನವೂ, ರೋಗಿಗಳಿಗೆ ಔಷಧವು ದೊರೆಯುವ ಸ್ಥಾನವೂ ಆಗಿತ್ತು. ಪಾಠ ಹೇಳುವ ಮನೆಯೂ ಅನ್ನವಿಕ್ಕುವ ಮನೆಯೂ ಒಂದೇ ಆಗಿರಬೇಕೆಂಬ ಭಾವನೆಯು ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದು ಇದರಿಂದ ಸ್ಪಷ್ಟವಾಗುವುದು.

ಮಂದಿರದ ಸಂಸ್ಥಾಪಕರಾದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ರಾಣೆಬೆನ್ನೂರು ತಾಲೂಕಿನ ಜೋಯಿಸರಹಳ್ಳಿಯಲ್ಲಿ ೧೮೬೭ರಲ್ಲಿ ಜನಿಸಿದರು. ಹಾನಗಲ್ಲ ವಿರಕ್ತಮಠದ ಅಧಿಪತಿಗಳಾಗುವುದಕ್ಕೆ ಮುಂಚೆ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರು. ಅವರ ಪ್ರೇರಣೆಯಿಂದ ೧೯೦೪ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಕೂಡಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷರಾಗಿದ್ದರು. ೧೯೦೬ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಹುಟ್ಟಿತು. ಸಮಾಜದ ಮಕ್ಕಳಿಗೆ ಹೊಸ ವಿದ್ಯೆಯನ್ನು ಕೊಡುವುದು ಅಂತಹ ಸಂಘಗಳ ಕಾರ್ಯವಾದರೆ, ಸಮಾಜಕ್ಕೆ ಬೋಧಿಸುವವರಿಗೇ ಮೊದಲು ವಿದ್ಯೆಯನ್ನು ಕೊಡುವುದು ಮಂದಿರದ ಕಾರ್ಯವಾಯಿತು. ಏಕೆಂದರೆ ಒಂದು ಮಠಕ್ಕೆ ಮರಿಯೆಂದು ಆರಿಸಲ್ಪಟ್ಟ ಬಾಲಕನು ಓದಿದರೂ ಓದದಿದ್ದರೂ ಒಂದು ದಿನ ಪಟ್ಟವನ್ನೇರುವನು. ಅವನ ಅಜ್ಞಾನವು ಅವನೊಬ್ಬನ ಹಾನಿಯಾಗಿ ನಿಲ್ಲದೆ, ಅವನನ್ನು ಗುರುವೆಂದು ನಂಬಿದ ಹತ್ತಾರು ಹಳ್ಳಿಗಳ ಹಾನಿಯಾಗುವುದು. ಅಧಿಕಾರಕ್ಕೆ ಮೊದಲು ಯೋಗ್ಯತೆ ಬರಬೇಕೆಂಬುದೇ ಮಂದಿರದ ಸ್ಥಾಪನೆಯ ಹಿಂದಿನ ತತ್ತ್ವವು.

ಸ್ಥಳದ ಆಯ್ಕೆಯೂ ಅರ್ಥವತ್ತಾದುದು. ಊರಿನ ಗಲಭೆಯಿಂದ ದೂರವಾಗಿ, ಪಟ್ಟದಕಲ್ಲು ಐಹೊಳೆಗಳನ್ನು ತೊಳೆದು ಹರಿಯುವ ನದಿಯ ದಂಡೆಯಲ್ಲಿಯೇ ವಟುಗಳಿಗೆ ಮನೆಯಾಯಿತು. ಸ್ನಾನಕ್ಕೂ ಗೋವುಗಳಿಗೂ ತೋಟಕ್ಕೂ ಬೇಕಾದ ನೀರು ಅಲ್ಲಿತ್ತು. ತಂದೆತಾಯಿಗಳ ಮನೆಗೂ ಮುಂದೆ ಪಡೆಯಬೇಕಾದ ಗದ್ದುಗೆಗೂ ನಡುವೆ ಇರುವ ವರ್ಷಗಳನ್ನು ವಟುವು ಅಲ್ಲಿ ಕಳೆಯಬೇಕಾಗಿತ್ತು. ಬೇರೆ ಬೇರೆ ಮಠಗಳ ಉತ್ತರಾಧಿಕಾರಿಗಳು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಚಾಪೆಯ ಮೇಲೆ ಕುಳಿತು ಓದಿದುದರಿಂದ, ದೊಡ್ಡ ಮಠ ಸಣ್ಣ ಮಠಗಳೆಂಬ ಭೇದವು ಬಾಲ್ಯದಲ್ಲಿಯೇ ಸಡಿಲವಾಗುವುದಕ್ಕೆ ಆಸ್ಪದವುಂಟಾಯಿತು.

ಪಾಠಕ್ರಮದಲ್ಲಿ ಸಂಸ್ಕೃತವು ಆಧಾರವಾಗಿತ್ತು. ಸಂಸ್ಕೃತ ಪಾಠಶಾಲೆಗಳ ಸಾಮಾನ್ಯ ಪದ್ಧತಿಯಂತೆ ಶಬ್ದರೂಪ ಧಾತುರೂಪಗಳು ಮೊದಲು ನಾಲಗೆಗೆ ಬರುವುವು, ಆಮೇಲೆ ಬುದ್ಧಿಗೆ ಬರುವುವು. ಗುರುವು ಪದಚ್ಛೇದ ಮಾಡಿ, ಅನ್ವಯ ಹೇಳಿ, ತಾತ್ಪರ್ಯವನ್ನು ಕನ್ನಡದಲ್ಲಿ ತಿಳಿಸುವನು; ಹಿರಿಯ ವಟುವು ಕಿರಿಯನಿಗೆ ಅದನ್ನೇ ಒಪ್ಪಿಸಿ ಹೇಳುವಾಗ ಇಬ್ಬರ ಪಾಠವೂ ಗಟ್ಟಿಯಾಗುವುದು. ಇದರೊಂದಿಗೆ ಸಿದ್ಧಾಂತಶಿಖಾಮಣಿ, ವಚನಗಳು, ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳು, ಪುರಾಣಕಾವ್ಯಗಳು ಇವುಗಳ ಅಧ್ಯಯನವು ನಡೆಯುತ್ತಿತ್ತು. ಶ್ರಾವಣಮಾಸದಲ್ಲಿ ಊರಿನ ಜನರ ಮುಂದೆ ಕುಳಿತು ಪುರಾಣ ಹೇಳಬೇಕಾದ ಸ್ವಾಮಿಗೆ, ಷಟ್ಪದಿಯನ್ನು ರಾಗವಾಗಿ ಓದುವುದೂ ಓದಿದುದನ್ನು ಆಡುನುಡಿಯಲ್ಲಿ ಬಿಡಿಸುವುದೂ ಎರಡೂ ಬೇಕು. ಆದುದರಿಂದ ಮಂದಿರದಲ್ಲಿ ಕಾವ್ಯವು ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯದೆ, ಉಪಯೋಗದ ವಿದ್ಯೆಯಾಯಿತು. ಕನ್ನಡ ಸಾಹಿತ್ಯದ ಉಪಾಧ್ಯಾಯರು ಗಮನಿಸತಕ್ಕ ಅಂಶವಿದು: ಹಳೆಯ ಕಾವ್ಯಗಳ ಶ್ರೋತೃವರ್ಗವು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಳಿಯದೆ ಉಳಿದುದಕ್ಕೆ ಇಂತಹ ಶಿಕ್ಷಣವೂ ಒಂದು ಕಾರಣವು.

ಗ್ರಂಥಪಾಠವೂ ನಿತ್ಯಜೀವನವೂ ಎಲ್ಲಿ ಕೂಡಿದುವೆಂಬುದಕ್ಕೆ ಮಂದಿರದ ಗೋಶಾಲೆಯೇ ಉತ್ತಮ ನಿದರ್ಶನವು. ಸಿದ್ಧಾಂತಶಿಖಾಮಣಿಯಲ್ಲಿ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ ಎಂಬ ಐದು ನಾಮಗಳೂ, ಅವಕ್ಕೆ ಮೂಲವಾದ ನಂದಾ, ಭದ್ರಾ, ಸುರಭಿ, ಸುಶೀಲಾ, ಸುಮನಾ ಎಂಬ ಐದು ಗೋವುಗಳೂ ಹೇಳಲ್ಪಟ್ಟಿವೆ. ಪಾಠಶಾಲೆಯಲ್ಲಿ ಈ ಹೆಸರುಗಳು ಕಂಠಪಾಠದ ಪಟ್ಟಿ. ಗೋಶಾಲೆಯಲ್ಲಿ ಅವುಗಳ ಅರ್ಥವು ಕೈಗೆ ಹತ್ತುವುದು. ಗೋಮಯವನ್ನು ಉಂಡೆಗಟ್ಟಿ ಒಣಗಿಸಿ ಸುಡುವರು; ಆ ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕಿಳಿದ ನುಣ್ಣನೆಯ ಭಾಗವನ್ನು ಗಟ್ಟಿಗಳಾಗಿ ಮಾಡಿ ಒಣಗಿಸುವರು. ಹೀಗೆ ಸಿದ್ಧವಾದ ಶಿವಯೋಗ ಮಂದಿರದ ವಿಭೂತಿಯು ನಾಡಿನಲ್ಲೆಲ್ಲ ಹೆಸರಾಯಿತು. ತಾನು ಹಣೆಗೆ ಧರಿಸುವುದನ್ನು ತಯಾರಿಸುವ ಶ್ರಮವು ಎಷ್ಟೆಂಬುದನ್ನು ಕಣ್ಣಾರೆ ಕಂಡು ಬೆಳೆದ ವಟುವಿಗೆ, ಶಾಸ್ತ್ರವಾಕ್ಯವು ಬರಿಯ ವಾಕ್ಯವಾಗಿರಲಾರದು.

ಉಳಿದ ದಿನಚರಿಯೂ ಇದೇ ರೀತಿಯದು. ನಸುಕಿನಲ್ಲಿ ಎದ್ದು ಸ್ನಾನ, ಇಷ್ಟಲಿಂಗಪೂಜೆ, ಯೋಗಾಭ್ಯಾಸ, ಪಾಠ, ಸಹಪಂಕ್ತಿಯ ಪ್ರಸಾದ, ಮತ್ತೆ ಪಾಠ, ಸಂಜೆಯ ಪೂಜೆ ಹಾಗೂ ಭಜನೆ. ಅನ್ನವು ಭಕ್ತರು ಜೋಳಿಗೆಗೆ ನೀಡಿದ ಧಾನ್ಯದಿಂದ ಬಂದುದು. ಸಂಸ್ಥಾಪಕರೇ ಊರೂರು ತಿರುಗಿ ಭಿಕ್ಷೆಯಿಂದ ಮಂದಿರವನ್ನು ಬೆಳೆಸಿದರು. ಆದುದರಿಂದ ಎಲೆಯಲ್ಲಿ ಅಗುಳನ್ನು ಬಿಡಬಾರದೆಂಬ ಪ್ರಸಾದನಿಯಮವು, ತನ್ನ ವಿದ್ಯೆಗೆ ಯಾವನೋ ಒಕ್ಕಲಿಗನ ಬೆವರು ಬೆಲೆಯಾಗಿದೆಯೆಂಬುದನ್ನು ವಟುವಿಗೆ ದಿನಕ್ಕೆರಡು ಸಲ ನೆನಪಿಸುವ ಪಾಠವೂ ಆಗಿತ್ತು.

ಹಿಂದೆ ಇದೇ ತಾಲೂಕಿಗೆ ಸೇರಿದ್ದ ಗುಳೇದಗುಡ್ಡದಲ್ಲಿ ೧೮೫೧ರಲ್ಲಿಯೇ ಬಾಸೆಲ್ ಮಿಶನ್ನಿನವರ ಕೇಂದ್ರವು ಏರ್ಪಟ್ಟಿತ್ತು. ಆ ಮಿಶನ್ನು ತನ್ನ ಕೇಂದ್ರಗಳಲ್ಲಿ ಪ್ರಾರ್ಥನೆ, ಶಾಲೆ, ಕಸುಬುಗಳನ್ನು ಒಂದುಗೂಡಿಸಿತ್ತು. ಮೇಲುನೋಟಕ್ಕೆ ಎರಡೂ ಒಂದೇ ಬಗೆಯವೆನಿಸಿದರೂ, ಮಂದಿರವನ್ನು ಅದರ ಅನುಕರಣವೆನ್ನಬೇಕಾದ ಅವಶ್ಯಕತೆಯಿಲ್ಲ. ಕೋಡಿಯ ಮಠದ ಮಾದರಿಯು ಮನೆಯಲ್ಲಿಯೇ ಇತ್ತು. ಉದ್ದೇಶದಲ್ಲಿಯೂ ಭೇದವುಂಟು. ಮಿಶನ್ನಿನ ಶಾಲೆಯು ಊರಿನ ಮಕ್ಕಳನ್ನು ತನ್ನ ಬಳಿಗೆ ಕರೆಯಿತು. ಮಂದಿರವು ತನ್ನ ಮಕ್ಕಳನ್ನು ಗುರುಗಳನ್ನಾಗಿ ಮಾಡಿ ಊರುಗಳಿಗೆ ಕಳುಹಿಸಿತು.

ಈ ಉದ್ದೇಶದಲ್ಲಿಯೇ ಮಂದಿರದ ಮಿತಿಯೂ ಅಡಗಿದೆಯೆಂಬುದನ್ನು ಚರಿತ್ರಕಾರನು ಮರೆಮಾಚಬಾರದು. ಪಟ್ಟಕ್ಕೆ ಅರ್ಹರನ್ನು ಸಿದ್ಧಗೊಳಿಸುವ ಶಾಲೆಯಾದುದರಿಂದ ಪರಂಪರೆಯಂತೆ ಜಂಗಮ ಮನೆತನಗಳ ಗಂಡುಮಕ್ಕಳೇ ವಟುಗಳಾದರು. ಜನ್ಮಕ್ಕಿಂತ ನಡೆಯೇ ದೊಡ್ಡದೆಂದು ಸಾರಿದ ವಚನಗಳನ್ನು ಓದುವ ಶಾಲೆಗೆ ಜನ್ಮವೇ ಬಾಗಿಲಾಯಿತು. ಗ್ರಂಥಕ್ಕೂ ಆಚಾರಕ್ಕೂ ನಡುವಣ ಈ ಅಂತರವನ್ನು ತುಂಬಿದುದು, ಮಂದಿರವು ಪಟ್ಟಕ್ಕಾಗಿ ಬೆಳೆಸದಿದ್ದ ಒಬ್ಬ ಶಿಷ್ಯನ ಜೀವನವು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಅಂಧಬಾಲಕನನ್ನು ಕುಮಾರಸ್ವಾಮಿಗಳು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸಿದರು. ಮಂದಿರಕ್ಕೆ ನೀಲಕಂಠಬುವಾ ಮಿರಜಕರರನ್ನು ಕರೆಯಿಸಿ ಹಿಂದೂಸ್ತಾನಿ ಗಾಯನದ ಪಾಠವನ್ನೂ ಏರ್ಪಡಿಸಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ತಿರುಗಿ, ನಾಟಕ ಕಂಪನಿಯನ್ನು ನಡೆಸಿಯಾದರೂ ಶಿಷ್ಯರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅದರ ಫಲವು. ಅಲ್ಲಿ ಜಾತಿಯನ್ನು ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅದನ್ನು ಬಹುಕಾಲ ನಡೆಸಿದರು. ಬಸವರಾಜ ರಾಜಗುರುಗಳಂತಹ (೧೯೧೭–೧೯೯೧) ಗಾಯಕರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಕೋಡಿಯ ಮಠದ ಶಾಸನದಲ್ಲಿ ಅನ್ನದಾನಕ್ಕೆ ಪಾತ್ರನಾಗಿದ್ದ ಕುರುಡನು ಇಲ್ಲಿ ವಿದ್ಯಾದಾನಕ್ಕೆ ಪಾತ್ರನಾದನು. ಅಷ್ಟೇ ಅಲ್ಲ, ದಾನ ಕೊಡುವವನೇ ಆದನು.

ಕುಮಾರಸ್ವಾಮಿಗಳು ೧೯೩೦ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಮಂದಿರದಲ್ಲಿಯೇ ಇದೆ. ಅಲ್ಲಿ ಕಲಿತವರು ನಾಡಿನ ಅನೇಕ ಮಠಗಳಿಗೆ ಅಧಿಪತಿಗಳಾದರು. ಮಂದಿರವನ್ನು ಅಳೆಯುವುದಕ್ಕೆ ಪಟ್ಟವೇರಿದವರ ಸಂಖ್ಯೆಯೊಂದೇ ಸಾಲದು. ಪಟ್ಟವೇರಿದವನು ತನ್ನ ಮಠದಲ್ಲಿ ಮತ್ತೆ ನಾಲ್ಕು ಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದನೇ ಎಂಬುದು ಹೆಚ್ಚು ಸರಿಯಾದ ಅಳತೆಯು. ಎಲ್ಲೆಲ್ಲಿ ಹಾಗೆ ನಡೆಯಿತೋ ಅಲ್ಲಲ್ಲಿ ಅಮರಸಿಂಹನು ಹೇಳಿದ ಅರ್ಥವು ಕೋಶದಿಂದ ಹೊರಬಂದು ಊರಿನಲ್ಲಿ ನೆಲೆಸಿತು.