ಆಕಾಶವಾಣಿಯಲ್ಲಿ ಬಾರದ ಸುದ್ದಿ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ದೇಶದ ಸರಕಾರಿ ರೇಡಿಯೋಗೇ ಆ ಹೆಸರು ಬಂತು. 1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿಯವರು ತುರ್ತು ಪರಿಸ್ಥಿತಿಯ ಸುದ್ದಿ ತಿಳಿಸಿ, ಗಾಬರಿ ಬೇಡವೆಂದದ್ದು ಇದೇ ರೇಡಿಯೋದಲ್ಲಿ. ಅಂದೇ ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಅಂದೇ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದರು.

ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು. ಕಾಗದಕ್ಕೆ ಆ ಸೌಲಭ್ಯವಾದರೂ ಉಂಟು, ರೇಡಿಯೋದಲ್ಲಿ ಖಾಲಿ ಜಾಗ ಯಾರಿಗೆ ಕಂಡೀತು? ನಂಜನಗೂಡಿನ ಹೆಡತಲೆಯಿರಲಿ, ಇನ್ನಾವ ಹಳ್ಳಿಯಿರಲಿ, ಓದು ಬಾರದವರಿಗೆ ದೂರದ ಸುದ್ದಿಯೆಂದರೆ ಆಕಾಶವಾಣಿ ಹೇಳಿದ್ದೇ. ಅದು ಹೇಳಿದ್ದು ಇಪ್ಪತ್ತು ಅಂಶಗಳ ಕಾರ್ಯಕ್ರಮದ ಗುಣಗಾನ. 1976ರ ಏಪ್ರಿಲ್‌ನಲ್ಲಿ ದೆಹಲಿಯ ತುರ್ಕ್‌ಮಾನ್ ಗೇಟಿನಲ್ಲಿ ಮನೆಗಳನ್ನು ಕೆಡವಿ, ವಿರೋಧಿಸಿದವರ ಮೇಲೆ ಗುಂಡು ಹಾರಿಸಿದ್ದನ್ನು ಹೇಳಲಿಲ್ಲ. ಸರಕಾರಕ್ಕೆ ಸಹಕರಿಸದ ಕಿಶೋರ್ ಕುಮಾರರ ಹಾಡುಗಳೂ ನಿಂತವು!

'ಸಂಸ್ಕಾರ' ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬೆಂಗಳೂರು ಜೈಲು ಸೇರಿದರು. ಅವರಿಗೆ ತೀವ್ರ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜೈಲಿನಲ್ಲಿ ಬರೆದಿಟ್ಟ ಅವರ ದಿನಚರಿ ಅಚ್ಚಾದದ್ದು ಆಮೇಲೆ.