ಹೋಮ್ ಪಾರ್ಟಿ ಮಾರಾಟ ಮತ್ತು ಹಗುರವಾದ ಹೊರೆ

ಗೃಹಿಣಿಯೊಬ್ಬಳು ನೆರೆಹೊರೆಯವರನ್ನು ಮನೆಗೆ ಕರೆದು, ಅವರೆದುರು ಮಾರಾಟಗಾರ್ತಿಯು ಅಡುಗೆಮನೆಯ ಸಾಮಾನುಗಳನ್ನು ಬಳಸಿ ತೋರಿಸುವ ‘ಹೋಮ್ ಪಾರ್ಟಿ’ ಎಂಬ ಪದ್ಧತಿಯು ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ವ್ಯಾಪಕವಾಗಿ ಬೆಳೆಯಿತು. ಅದಕ್ಕೂ ಮೊದಲು, ಅಲ್ಯೂಮಿನಿಯಂ ಪಾತ್ರೆ ಮಾರುವವರು ಗಿರಾಕಿಯ ಮನೆಯಲ್ಲಿ ಇಡೀ ಊಟವನ್ನೇ ಬೇಯಿಸಿ ತೋರಿಸುತ್ತಿದ್ದುದರಿಂದ, ಪಾತ್ರೆಗಳ ಭಾರವನ್ನೆಲ್ಲ ಜೊತೆಗೆ ಒಯ್ಯಬೇಕಾಗುತ್ತಿತ್ತು. 1940ರ ದಶಕದಲ್ಲಿ ಅರ್ಲ್ ಟಪ್ಪರ್ ಪಾಲಿಎಥಿಲೀನ್ ಎಂಬ ಹಗುರ ಪ್ಲಾಸ್ಟಿಕ್‌ನಿಂದ ರೂಪಿಸಿದ ಬಟ್ಟಲುಗಳು ಒಂದರೊಳಗೊಂದು ಕೂರುತ್ತಿದ್ದವು ಮತ್ತು ಬಿದ್ದರೆ ಒಡೆಯುತ್ತಿರಲಿಲ್ಲ. ಆದರೆ ಒಳಗಿನ ಗಾಳಿಯನ್ನು ಹೊರದೂಡಿ ಮುಚ್ಚಳ ಬಿಗಿಯುವ ಕ್ರಮವನ್ನು ಯಾರಾದರೂ ಮಾಡಿ ತೋರಿಸದ ಹೊರತು ಅರ್ಥವಾಗದ ಕಾರಣ ಅಂಗಡಿಗಳಲ್ಲಿ ಅವು ಹೆಚ್ಚು ಮಾರಾಟವಾಗಲಿಲ್ಲ.

ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಎಂಬ ಕಂಪನಿಯಲ್ಲಿ ಹೋಮ್ ಪಾರ್ಟಿ ಮಾರಾಟವನ್ನು ಕಲಿತಿದ್ದ ಬ್ರೌನಿ ವೈಸ್ ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. ದ್ರವ ತುಂಬಿ ಮುಚ್ಚಿದ ಬಟ್ಟಲನ್ನು ಕೋಣೆಯ ಆಚೆಬದಿಗೆ ಎಸೆದು ಅವರು ತೋರಿಸುತ್ತಿದ್ದ ಪ್ರಯೋಗಕ್ಕೆ ಬೇಕಾದದ್ದು ಒಂದೇ ಮಾದರಿ, ಗೋದಾಮಿನಷ್ಟು ಸರಕಲ್ಲ. ಪಾರ್ಟಿಯಲ್ಲಿ ಬೇಡಿಕೆಯನ್ನಷ್ಟೇ ಬರೆದುಕೊಂಡು ಸಾಮಾನನ್ನು ಅನಂತರ ತಲುಪಿಸುವ ಏರ್ಪಾಟು ಹೊರೆಯನ್ನು ನಿಜವಾಗಿ ಇಳಿಸಿತೆನ್ನಬೇಕು. ಬಂಡವಾಳವಿಲ್ಲದ ಹೆಂಗಸರಿಗೆ ಈ ವೃತ್ತಿಯ ಬಾಗಿಲು ತೆರೆದದ್ದರಲ್ಲಿಯೂ ಅದರ ಪಾಲು ದೊಡ್ಡದು. 1951ರಲ್ಲಿ ಟಪ್ಪರ್ ಅಂಗಡಿ ಮಾರಾಟವನ್ನೇ ಕೈಬಿಟ್ಟು ಹೋಮ್ ಪಾರ್ಟಿ ವಿಭಾಗವನ್ನು ವೈಸ್ ಅವರಿಗೆ ಒಪ್ಪಿಸಿದರು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಈ ಸಮರ್ಥ ಮಹಿಳೆಯನ್ನು 1958ರಲ್ಲಿ ಹುದ್ದೆಯಿಂದ ತೆಗೆದುಹಾಕಿದ್ದು ಅನ್ಯಾಯವೇ ಸರಿ. ಅವರು ಬೆಳೆಸಿದ ಮಾರಾಟ ಕ್ರಮ ಮಾತ್ರ ಮುಂದುವರಿದು, 1996ರಲ್ಲಿ ಭಾರತಕ್ಕೂ ಬಂದಿತು.